ಸಿಂಚನಳ ವಡೆ

ಶಶಿರೇಖಾ ನೆನೆದ ಅವರೆಕಾಳನ್ನು ಒಂದೊಂದಾಗಿ ಹಿಸುಕುತ್ತಿದ್ದಳು. ಬೇಳೆ ಪಾತ್ರೆಗೆ ಜಾರುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು. ಬೆಳಗಿನಿಂದ ಮನಸ್ಸಿನಲ್ಲಿದ್ದ ಮಾತನ್ನು ಹೇಗೆ ಎತ್ತಬೇಕೆಂದು ಇನ್ನೂ ತೋಚಿರಲಿಲ್ಲ.

ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಕುಂದಾಣದ ಮುರಳಿ. ಫೋಟೋ ಬಂದಿತ್ತು. ಫೋಟೋದಲ್ಲಿ ಎಲ್ಲರೂ ಒಳ್ಳೆಯವರೇ. ಎದುರಿಗೆ ಕೂರಿಸಿದರೆ ಅವಳ ತಲೆ ಮೇಲೇಳುವುದಿಲ್ಲ. ಹಿಂದಿನ ಸಲ ತಗ್ಗಿದ ತಲೆಯನ್ನೇ ಒಪ್ಪಿಗೆ ಎಂದುಕೊಂಡಿದ್ದರು. ಆ ಸಂಬಂಧ ಬಿಡಿಸಿಕೊಳ್ಳುವಷ್ಟರಲ್ಲಿ ಅತ್ತು ಅತ್ತು ಜ್ವರ ಬಂದಿತ್ತು. ಈ ಸಲ ಅವನಿಗೆ ತಿಳಿಯದಂತೆ ತಾನೇ ಮೊದಲು ನೋಡಬೇಕು. ಹೇಗೆ ತಿನ್ನುತ್ತಾನೆ, ಮೇಜು ಒರೆಸುವವರ ಜೊತೆ ಹೇಗೆ ಮಾತಾಡುತ್ತಾನೆ. ಅಷ್ಟು ಸಾಕು.

ಸಂಬಂಧ ತಂದ ಮುತ್ತಮ್ಮ ನಿನ್ನೆ ಹೇಳಿಹೋಗಿದ್ದಳು: ಹುಡುಗ ಮೆಜೆಸ್ಟಿಕ್ ಹತ್ತಿರ ಪಂಪ್‌ಸೆಟ್ ಅಂಗಡಿಯಲ್ಲಿದ್ದಾನೆ, ಪಕ್ಕದ ದರ್ಶಿನಿಯಲ್ಲೇ ದಿನಾ ತಿಂಡಿ. ಆಗ ಶಶಿರೇಖಾಳ ಕೈ ಒಂದು ಕ್ಷಣ ನಿಂತಿತ್ತು. ಒಲೆಯ ಮುಂದಿದ್ದ ತಾಯಿ ಅಕ್ಕಯಮ್ಮ ತಿರುಗಿ ನೋಡಿರಲಿಲ್ಲ.

ನಾಳೆ ಅಣ್ಣನ ಮಗಳು ಸಿಂಚನಳೊಂದಿಗೆ ಚನ್ನಪಟ್ಟಣದ ಅಕ್ಕನ ಮನೆಗೆ ಹೋಗಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಬೇಕು. ಸಿಂಚನಳಿಗೆ ಎಂಟು ವರ್ಷ. ತಿಂಡಿ ಎಂದರೆ ಪ್ರಾಣ.

“ನಾಳೆ ಮೆಜೆಸ್ಟಿಕ್‌ನಲ್ಲಿ ಏನ್ ತಿಂತೀಯೇ?” ಎಂದು ಪಕ್ಕದಲ್ಲಿ ಕೂತಿದ್ದ ಸಿಂಚನಳನ್ನು ಕೇಳಿದಳು ಶಶಿರೇಖಾ, ಪಾತ್ರೆ ನೋಡುತ್ತಲೇ.

“ದೋಸೆ. ಆಮೇಲೆ ಪೂರಿ. ಆಮೇಲೆ ಜಾಮೂನು.”

“ಅದೇನ್ ಹೊಟ್ಟೆನಾ, ಗೋಣಿಚೀಲನಾ?” ಎಂದಳು ಅಕ್ಕಯಮ್ಮ.

“ಅಲ್ಲೊಂದ್ ದರ್ಶಿನೀಲಿ ವಡೆ ಚೆನ್ನಾಗಿರ್ತದಂತೆ,” ಎಂದು ಶಶಿರೇಖಾ ಮೆಲ್ಲಗೆ ಬಿಟ್ಟಳು.

ಹೋಟೆಲಿನ ಎಣ್ಣೆ ಎಂದರೆ ಸಿಡಿಮಿಡಿಗೊಳ್ಳುವ ಅಕ್ಕಯಮ್ಮ ಇಂದು ಬೈಯಲಿಲ್ಲ. “ಕರ್ಕೊಂಡ್ ಹೋಗು. ಮಗು ಆಸೆ ಪಡ್ತದೆ. ಹಸಿರು ಚೂಡಿದಾರ ಹಾಕ್ಕೋ.”

“ಬಸ್ಸಲ್ಲಿ ಹೋಗಕ್ಕಾ?”

“ಅಕ್ಕನ ಮನೇಗೂ ಹಳೇದ್ರಲ್ಲೇ ಹೋಗ್ತೀಯಾ?”

ಆಮೇಲೆ ಜಡೆ ಹಾಕುತ್ತೇನೆಂದು ಮೊಮ್ಮಗಳನ್ನು ಹಿತ್ತಿಲಿಗೆ ಕರೆದೊಯ್ದಳು. ಫೋನನ್ನೂ ಒಯ್ದಳು. ಜಡೆ ಮುಗಿಸಿ ಬಂದ ಸಿಂಚನ ದೋಸೆ, ಪೂರಿಯ ಸುದ್ದಿಯನ್ನೇ ಎತ್ತಲಿಲ್ಲ. ವಡೆ, ವಡೆ ಎಂದು ಕುಣಿದಳು. ಇಬ್ಬರೂ ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ಶಶಿರೇಖಾಳಿಗೆ ಒಳಗೊಳಗೇ ನಗು.

ಮರುದಿನ ದರ್ಶಿನಿಯಲ್ಲಿ ಮುರಳಿ ಇದ್ದ. ಒಳಗೆ ಕಾಲಿಡುತ್ತಲೇ ಫೋಟೋದ ಮುಖ ಗುರುತು ಸಿಕ್ಕಿತ್ತು. ಮೂಲೆಯ ಮೇಜಿನ ಮುಂದೆ ಖಾರಾಬಾತ್ ಹಿಡಿದು ನಿಂತಿದ್ದ. ಶಶಿರೇಖಾ ಕಂಬದ ಪಕ್ಕ ನಿಂತಳು. ಒರೆಸಲು ಬಂದ ಮುದುಕನಿಗೆ ಅವನು ತಟ್ಟೆ ಎತ್ತಿ ಜಾಗ ಬಿಟ್ಟ. “ನಿಧಾನ ಕಣಪ್ಪ, ಬಿಸಿ ಕಾಫಿ ಐತೆ,” ಎಂದ. ಒಳ್ಳೆಯದು. ಆದರೆ ಈಗ ಮುಖ ಕಾಣುತ್ತಿಲ್ಲ. ಕತ್ತು ಬಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದಾನೆ. ಒಂದು ತುತ್ತೂ ಬಾಯಿಗೆ ಹೋಗುತ್ತಿಲ್ಲ. ಕಿವಿ ಮಾತ್ರ ಕೆಂಪಗಾಗಿದೆ.

ತಿನ್ನದೆಯೇ ಇಷ್ಟು ಖಾರವೇ, ಎಂದುಕೊಳ್ಳುವಷ್ಟರಲ್ಲಿ ಸಿಂಚನ ಅವಳ ಕೈ ಬಿಡಿಸಿಕೊಂಡು ನೆಟ್ಟಗೆ ಮೂಲೆಯ ಮೇಜಿಗೆ ನಡೆದಳು. ಅವನ ಅಂಗಿ ಜಗ್ಗಿದಳು.

“ಮಾವ, ತಲೆ ಎತ್ತಿ. ಅಜ್ಜಿ ನಿನ್ನೆ ಫೋನಲ್ಲಿ ಹೇಳಿದ್ರಲ್ಲ, ಇವ್ರೇ ನಮ್ಮತ್ತೆ. ಹೇಳಿದಂಗೇ ಕರ್ಕೊಂಡ್ ಬಂದಿದ್ದೀನಿ.”

ಅವನು ತಲೆ ಎತ್ತಿದ. ಶಶಿರೇಖಾ ತಗ್ಗಿಸಲು ಮರೆತಳು.

“ಈಗ ನನ್ ವಡೆ ಕೊಡ್ಸಿ,” ಎಂದಳು ಸಿಂಚನ.