ಆಂಬ್ರೋಸ್ ಮನೆಯ ನಲ್ಲಿ ತಿರುಗಲಿಲ್ಲ

ಬೆಳಿಗ್ಗೆ ಹತ್ತಕ್ಕೆ ಬರ್ನಡೆಟ್ ಹೈನ್ಸ್‌ಳ ಫೋನು ಹಿಂದೆಂದೂ ಕೂಗದ ದನಿಯಲ್ಲಿ ಕೂಗಿಕೊಂಡಿತು. ಟೌನ್ ಆಫೀಸಿನ ಹೀಟರಿನ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದವಳು ತೆಗೆದು ನೋಡಿದಳು. ಪರದೆಯ ಮೇಲೆ ಕೆಂಪು ಚುಕ್ಕಿ. ಆಂಬ್ರೋಸ್ ಪಿಟ್‌ಮನ್, ನಿನ್ನೆ ಸಂಜೆಯಿಂದ ಒಂದು ಹನಿ ನೀರೂ ಹರಿದಿಲ್ಲ.

ಗ್ಯಾನೆಟ್ ಕೋವ್ ಎಂಬ ಆ ಕಡಲತೀರದ ಊರಿನಲ್ಲಿ ಒಂಟಿಯಾಗಿರುವ ವಯಸ್ಸಾದವರ ಮನೆಗಳಿಗೆ ಆ ನೀರಿನ ಮೀಟರುಗಳನ್ನು ಹಾಕಿಸಿದವಳು ಅವಳೇ. ಹೋದ ಚಳಿಗಾಲದಲ್ಲಿ ಮುದುಕಿಯೊಬ್ಬಳು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು, ಯಾರಿಗೂ ತಿಳಿಯದೆ ಎರಡು ದಿನ ನರಳಿದ್ದಳು. ಇನ್ನು ಹಾಗಾಗಬಾರದು, ಹತ್ತಾದರೂ ಮನೆಯ ನಲ್ಲಿ ತಿರುಗದಿದ್ದರೆ ಮೀಟರೇ ಆಫೀಸಿಗೆ ಸುದ್ದಿ ಮುಟ್ಟಿಸಬೇಕು ಎಂದು ಬರ್ನಡೆಟ್ ಊರವರ ಜೊತೆ ಗುದ್ದಾಡಿದ್ದಳು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಈ ಆಂಬ್ರೋಸನೇ. "ನಾನು ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಹೋಗ್ತೀನಿ ಅನ್ನೋ ಲೆಕ್ಕ ನಿನಗ್ಯಾಕಮ್ಮಾ?" ಆದರೆ ಹಾಕಿಸಿದ ಮೇಲೆ ಊರಿಗೆಲ್ಲ ಮೊದಲು ಹಸಿರಾಗುತ್ತಿದ್ದದ್ದು ಅವನ ಮನೆಯ ಚುಕ್ಕಿ. ಬೆಳಕು ಹರಿಯುವ ಮುಂಚೆಯೇ ಅದು ಮೂಡುತ್ತಿತ್ತು. 'ಅಂಕಲ್ ಎದ್ದರು' ಎಂದುಕೊಂಡೇ ಬರ್ನಡೆಟ್ ದಿನಾ ಚಹಾಕ್ಕೆ ನೀರಿಡುತ್ತಿದ್ದಳು. ಇವತ್ತು ಬಾಗಿಲ ಮುಂದಿನ ಹಿಮ ಎತ್ತುವ ಗಡಿಬಿಡಿಯಲ್ಲಿ ನೋಡಿರಲೇ ಇಲ್ಲ.

ಅವನಿಗೆ ಫೋನ್ ಮಾಡಿದಳು. ಬಡಿದುಕೊಂಡು ಬಡಿದುಕೊಂಡು ನಿಂತುಹೋಯಿತು. ಅಗ್ನಿಶಾಮಕ ದಳದ ಗಸ್ ಕೀಪಿಂಗ್‌ಗೆ ಹೇಳಿದಳು. ಅವನು ಆರು ಜನರನ್ನು ಹೆಲ್ಮೆಟ್ಟು, ಸ್ಟ್ರೆಚರಿನ ಸಮೇತ ವ್ಯಾನಿಗೆ ತುಂಬಿಕೊಂಡು ಬಂದೇಬಿಟ್ಟ.

ಆ ಊರಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಬರ್ನಡೆಟ್ ಅವರ ಜೊತೆ ಆಂಬ್ರೋಸನ ಮನೆಯೊಳಗೆ ನುಗ್ಗಿದರೆ ಒಲೆ ತಣ್ಣಗಿತ್ತು. ಹಾಸಿಗೆಯ ಮೇಲಿನ ಹೊದಿಕೆ ಸುಕ್ಕಿಲ್ಲದೆ ಹಾಸಿಕೊಂಡಿತ್ತು. ಬೂಟುಗಳಿಲ್ಲ, ಕೋಟಿಲ್ಲ. ರಾತ್ರಿಯೆಲ್ಲ ಬಿದ್ದ ಹಿಮದ ಮೇಲೆ, ಈಗ ಬಂದ ಇವರ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯೇ ಇರಲಿಲ್ಲ.

"ಅಂದ್ರೆ ಹಿಮ ಬೀಳೋಕೆ ಮುಂಚೆನೇ ಹೊರಗೆ ಹೋಗಿದಾನೆ," ಎಂದ ಗಸ್, ಬಂಡೆಗಳಾಚೆಯ ಕಡಲಿನ ಕಡೆ ನೋಡುತ್ತ. "ವಾಪಸ್ ಬಂದಿಲ್ಲ."

ಬರ್ನಡೆಟ್‌ಳ ಅಪ್ಪನ ಜೊತೆ ಮೀನಿಗೆ ಹೋಗುತ್ತಿದ್ದ ಮನುಷ್ಯ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿಮಿಂಗಿಲ ತೋರಿಸಿದವನು. "ಫಿಲೊಮಿನಾ ಆಂಟಿ ಏನಾದ್ರೂ ನೋಡಿರಬಹುದು," ಎನ್ನುತ್ತ ಇಳಿಜಾರಿನ ಕೆಳಗಿದ್ದ ಪಕ್ಕದ ಮನೆಯ ಕಡೆ ಓಡಿದಳು. ಹಿಂದೆ ಸ್ಟ್ರೆಚರ್ ಹೊತ್ತ ಗಸ್‌ನ ಪಡೆ.

ಫಿಲೊಮಿನಾ ಡ್ರೇಕ್ ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ಬರ್ನಡೆಟ್ ಬಾಗಿಲು ಬಡಿದಳು. ತೆರೆಯಿತು. ಕಾಲಿಗೆ ಉಣ್ಣೆಯ ಕಾಲುಚೀಲ, ಹೆಗಲಿನಿಂದ ಜಾರಿ ಇಳಿಬಿದ್ದ ಪ್ಯಾಂಟಿನ ಸಸ್ಪೆಂಡರು ಪಟ್ಟಿ, ಕೈಯಲ್ಲಿ ಕಾಕಂಬಿ ಸುರಿದ ಬಿಸಿ ರೊಟ್ಟಿ. ಆಂಬ್ರೋಸ್!

ಅವನು ಹೆಲ್ಮೆಟ್ಟುಗಳನ್ನು ನೋಡಿ ಗಾಬರಿಯಾದ. "ಏನೇ ಬರ್ನಿ, ಎಲ್ಲಿ ಬೆಂಕಿ ಬಿತ್ತು?"

"ಬೆಂಕಿ ಬಿದ್ದಿರೋದು ನನ್ನ ಹೊಟ್ಟೇಲಿ!" ಬರ್ನಡೆಟ್‌ಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಸತ್ತೇ ಹೋದ್ರಿ ಅಂದ್ಕೊಂಡೆ ಅಂಕಲ್. ನಿಮ್ಮ ಮನೇಲಿ ನಲ್ಲಿ ತಿರುಗಿಲ್ಲ!"

"ಅಯ್ಯೋ, ಆ ಹಾಳು ಮೀಟರು!" ಮುದುಕ ಹಣೆ ಚಚ್ಚಿಕೊಂಡ. ಕಾಕಂಬಿ ಹಣೆಗೂ ಮೆತ್ತಿತು. "ದಿನಾ ಕತ್ತಲಲ್ಲೇ ಎದ್ದು ನಮ್ಮನೆಗೆ ಹೋಗಿ, ನಲ್ಲಿ ಬಿಟ್ಟು, ನಿಲ್ಲಿಸಿ ಬರ್ತಿದ್ದೆ ಕಣಮ್ಮಾ. ನಿಮಗ್ಯಾರಿಗೂ ಗೊತ್ತಾಗಬಾರದು ಅಂತ. ಇವತ್ತು ಈ ಹಿಮ ನೋಡಿ, ಇನ್ನೊಂದು ಗಳಿಗೆ ಮಲಗೋಣ ಅಂತ..." ಅಷ್ಟಕ್ಕೆ ತಾನು ಹೇಳಿದ್ದೇನೆಂದು ಅವನಿಗೇ ಹೊಳೆದು ಕಿವಿಯ ತನಕ ಕೆಂಪಾದ.

ಪಡೆಯವರು ತಮ್ಮ ತಮ್ಮ ಬೂಟುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಗಸ್ ಮಾತ್ರ ತಡೆಯಲಾರದೆ, "ಅಂಕಲ್, ಅದೆಷ್ಟು ದಿನದಿಂದ ಊರಿನ ನೀರು ಹೀಗೆ ಪೋಲು ಮಾಡ್ತಿದೀರಿ?" ಎಂದ.

"ಮುಚ್ಕೊಳ್ಳೋ!"

"ಯಾಕೆ ಮುಚ್ಕೋಬೇಕು, ಸರಿಯಾಗೇ ಕೇಳಿದಾನೆ." ಒಳಗಿನಿಂದ ಫಿಲೊಮಿನಾ ಬಂದಳು, ತಲೆಗೂದಲು ಇನ್ನೂ ಬಿಚ್ಚಿಕೊಂಡೇ. "ಎಲ್ಲರಿಗೂ ಹೇಳಿಬಿಡು ಅಂತ ಬಡ್ಕೊಂಡೆ. ಊರು ಏನನ್ನುತ್ತೋ ಅಂತ ಇವನಿಗೆ ನಾಚಿಕೆ! ಕಡಲಲ್ಲಿ ಬಿರುಗಾಳಿಗೆ ಹೆದರದೇ ಇದ್ದೋನು. ನೋಡು, ಈಗ ಊರೇ ಸ್ಟ್ರೆಚರ್ ತಗೊಂಡು ಬಾಗಿಲಿಗೆ ಬಂತು."

ಬರ್ನಡೆಟ್ ಕಣ್ಣೊರೆಸಿಕೊಂಡಳು. "ಅದು ಸರಿ ಆಂಟಿ. ನಾಳೆ ಹತ್ತು ಗಂಟೆಗೆ ಮತ್ತೆ ಕೂಗುತ್ತಲ್ಲ, ಏನು ಮಾಡಲಿ?"

"ಅವನ ಮನೇದು ಕಿತ್ತು ಹಾಕಮ್ಮ. ಇಲ್ಲಿ ಒಂದಿದೆಯಲ್ಲ, ಇಬ್ಬರಿಗೂ ಸಾಕು."

ಆಂಬ್ರೋಸ್ ಅವಳ ಮುಖ ನೋಡಿದ. ಅವನ ಮೀಸೆಯಡಿ ನಗು ಮೆಲ್ಲಗೆ ಹರಡಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

"ಬಾಗಿಲು ತೆಗೆದಿಟ್ಟು ಮನೆ ತಣ್ಣಗೆ ಮಾಡಬೇಡಿ, ಎಲ್ಲ ಒಳಗೆ ಬನ್ನಿ. ಬೂಟು ಅಲ್ಲೇ ಬಿಡಿ," ಎಂದು ಫಿಲೊಮಿನಾ ಕೆಟಲ್ಲನ್ನು ಒಲೆಗೇರಿಸಿದಳು. "ಆಂಬ್ರೋಸ್, ನೆಂಟರಿಗೆ ಅಂತ ಇಟ್ಟಿರೋ ಕಪ್ಪು ತೆಗಿ."

ಆ ಅಡುಗೆಮನೆಯಲ್ಲಿ ಗೋಡೆಯುದ್ದಕ್ಕೂ ಬೀರುಗಳಿದ್ದವು. ಆಂಬ್ರೋಸ್ ಗಸ್‌ನ ಮಾತಿಗೆ ಉತ್ತರ ಕೊಡುತ್ತಲೇ, ಅತ್ತ ತಿರುಗಿಯೂ ನೋಡದೆ, ಮೂಲೆಯದರ ಬಾಗಿಲು ತೆಗೆದ. ತಟ್ಟೆಗಳ ಹಿಂದೆ ಕೈ ಹಾಕಿ, ನೀಲಿ ಹೂವಿನ ಕಪ್ಪುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸತೊಡಗಿದ.