ಶನಿವಾರದ ಸೀರೆ

ಶನಿವಾರ ಸಂಜೆಯಾದರೆ ಸಾಕು, ತನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಅವಳು ಸೀರೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಕೈಯಲ್ಲಿ ಹಿಂದಿನ ವಾರ ಅಲ್ಲಿಂದಲೇ ಒಯ್ದ ಸೀರೆ. ಮಡಿಕೆ ಕೂಡ ಬಿಚ್ಚಿರುತ್ತಿರಲಿಲ್ಲ. ಉಡದ ಸೀರೆಯನ್ನು ಬದಲಾಯಿಸಿ ಕೊಡುವುದು ಆ ಅಂಗಡಿಯ ಪದ್ಧತಿ.

ಅವಳನ್ನು ಕಂಡದ್ದೇ ಸೇಲ್ಸ್‌ಮನ್ ಹಣೆ ಚಚ್ಚಿಕೊಂಡ.

"ಬಂದ್ರಾ ತಾಯಿ! ಈ ಸೀರೆ ಏನು ಪಾಪ ಮಾಡ್ತು?"

"ಅಂಚು ದಪ್ಪ ಆಯ್ತು."

"ಹೋದ ವಾರ ಅಂಚು ಸಣ್ಣ ಅಂದ್ರಿ. ಅದಕ್ಕೂ ಮುಂಚೆ ಬಣ್ಣ ಮಂಕು ಅಂದ್ರಿ. ನೀವು ಸೀರೆ ತಗೊಳ್ಳೋದು ಉಡೋಕೋ, ನನ್ನ ಪ್ರಾಣ ತೆಗೆಯೋಕೋ?"

ಬೈಯುತ್ತಲೇ ಅವನು ಸೀರೆಗಳನ್ನು ಬಿಚ್ಚಿ ಎಸೆದ. ಅವು ಅವಳ ಮುಂದೆ ಬಣ್ಣದ ನದಿಗಳಂತೆ ಹರಡಿಕೊಂಡವು.

"ಸೀರೆ ತೋರಿಸು ಅಂದ್ರೆ ಇಷ್ಟು ಸಿಟ್ಟು ಯಾಕಪ್ಪಾ?" ಎಂದು ಅವಳೂ ದನಿ ಏರಿಸಿದಳು.

ಗಲ್ಲಾಪೆಟ್ಟಿಗೆಯ ಹಿಂದಿದ್ದ ಮಾಲೀಕರು ಎದ್ದು ಓಡಿ ಬಂದರು.

"ಕ್ಷಮಿಸಿ ಮೇಡಂ, ಇವನ ಬಾಯಿ ಸರಿಯಿಲ್ಲ. ನಾಳೆಯಿಂದ ಇವನನ್ನ ಗೋಡೌನಿಗೆ ಹಾಕ್ತೀನಿ. ಇನ್ಮೇಲೆ ನೀವು ಬಂದ್ರೆ ಒಂದು ಮಾತೂ ಆಡದೆ ಬದಲಾಯಿಸಿ ಕೊಡ್ತೀವಿ."

ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಹಾಗೆ ಮಾಡಬೇಡಿ ಸ್ವಾಮಿ," ಎಂದಳು, "ಇಡೀ ವಾರದಲ್ಲಿ ನನ್ನ ಹತ್ರ ಮಾತಾಡೋನು ಇವನೊಬ್ಬನೇ."