ನಾಳೆಗೆ ಬೇಕಾದ ಹಣ್ಣು

"ಕೈ ತೆಗೀರಿ! ಹಣ್ಣು ಮುಟ್ಟಬೇಡಿ!"

ಹಣ್ಣಂಗಡಿಯ ಸೆತ್ತಿಮಿಯಾಳ ಗದರಿಕೆಗೆ ಪರವೂರಿನ ಹೆಂಗಸು, ಬಿಸಿ ಬಾಣಲೆ ತಾಗಿದವಳಂತೆ ಪೀಚ್ ಹಣ್ಣಿನ ರಾಶಿಯಿಂದ ಕೈ ಹಿಂದಕ್ಕೆಳೆದುಕೊಂಡಳು. ಬೆಟ್ಟದ ಮೇಲಿನ ಆ ಇಟಲಿಯ ಊರಲ್ಲಿ ಅಂಗಡಿಯ ಹಣ್ಣಿಗೆ ಗಿರಾಕಿ ಕೈ ಹಾಕುವಂತಿಲ್ಲ. ಯಾವತ್ತು ತಿನ್ನುವುದಕ್ಕೆ ಬೇಕೆಂದು ಹೇಳಬೇಕು. ಆರಿಸುವುದು ಅಂಗಡಿಯವಳ ಕೆಲಸ.

"ಮೆಲ್ಲಗೆ ಕೂಗೇ, ಚರ್ಚಿನಲ್ಲಿ ಪಾದ್ರಿಗಳ ಕೈಯಿಂದ ಪುಸ್ತಕ ಬಿದ್ದೀತು," ಎಂದಳು ಆಕೆಯ ಹಿಂದೆ ನಿಂತಿದ್ದ ಹಳೆಯ ಗಿರಾಕಿ, ಮುದುಕಿ ಅದೇಲಮ್ಮ.

"ಗೊತ್ತಿರಲಿಲ್ಲ, ತಪ್ಪಾಯ್ತು," ಎಂದು ಆ ಹೆಂಗಸು ತನಗೆ ಬರುವ ನಾಲ್ಕು ಮಾತನ್ನೇ ಹೆಕ್ಕಿ ಜೋಡಿಸಿದಳು. "ನಾಳೆಗೆ ಆರು ಹಣ್ಣು. ನಮ್ಮಮ್ಮನ ಹುಟ್ಟುಹಬ್ಬ. ಅದು ಮುಗಿಸಿ ಸಂಜೆ ಬಸ್ಸಿಗೆ ಹೊರಡ್ತೀವಿ."

ಹೊರಡುವವರು. ಸೆತ್ತಿಮಿಯಾಳ ಕೈ ಎದುರಿನ ಪೆಟ್ಟಿಗೆಯನ್ನು ದಾಟಿ ಹಿಂದಿನದಕ್ಕೆ ಹೋಯಿತು. ಅಲ್ಲಿದ್ದವು ಕಳೆದ ಶನಿವಾರ ಬಂದು ಉಳಿದ ಹಣ್ಣು, ಅಡಿಯಲ್ಲಿ ಮೆತ್ತಗಾದವು. ಕೆಂಪು ಬದಿ ಮೇಲಾಗುವಂತೆ ಕಾಗದದ ಚೀಲಕ್ಕಿಳಿಸಿ, ಬಾಯಿ ಮಡಿಚಿ ಕೊಟ್ಟಳು. ಬೇಸಿಗೆಯ ಪ್ರವಾಸಿಗರಿಗೆ ಹೀಗೆ ಕೊಡುವುದು ಎಷ್ಟು ರೂಢಿಯಾಗಿತ್ತೆಂದರೆ, ಅದೇಲಮ್ಮನೊಡನೆ ಪಾದ್ರಿಗಳ ಮೇಲಿನ ನಗೆಮಾತು ಕೂಡ ನಡುವೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅದೇಲಮ್ಮನ ಚೀಲ ಮಡಿಚಿ ಕೊಡುವಷ್ಟರಲ್ಲಿ ಆ ಹೆಂಗಸು ಮತ್ತೆ ಬಂದಳು. 'ಕೊಡುವಾಗ ಚೆನ್ನಾಗೇ ಇದ್ವಲ್ಲ' ಎಂಬ ಉತ್ತರ ಸೆತ್ತಿಮಿಯಾಳ ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು.

"ನೀವು ಆರಿಸಿ ಕೊಟ್ಟಿದ್ರಿ, ನಾನು ಹಾಳು ಮಾಡ್ಬಿಟ್ಟೆ," ಎಂದಳಾಕೆ. "ಎಲ್ಲಾ ಅಡಿಯಲ್ಲಿ ಕಂದಿಹೋಗಿವೆ. ಹತ್ತೋ ದಾರಿ ನೋಡಿ, ಚೀಲ ಎಲ್ಲೋ ತಾಗಿಸಿರ್ಬೇಕು. ಬೇಜಾರು ಮಾಡ್ಕೋಬೇಡಿ. ಇನ್ನಾರು ಕೊಡ್ತೀರಾ?"

ಸೆತ್ತಿಮಿಯಾಳ ಕಿವಿ ಸುಟ್ಟಂತಾಯಿತು. ಎದುರಿನ ಪೆಟ್ಟಿಗೆಯಿಂದ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ ಆರಿಸಿದಳು. "ದುಡ್ಡು ಬೇಡ, ತಗೊಂಡ್ಹೋಗಿ."

"ಅದು ಹೇಗಾಗುತ್ತೆ? ತಪ್ಪು ನಂದು." ಆಕೆ ದುಡ್ಡು ಇಟ್ಟು, ಹೊರಡುವಾಗ ಅದೇಲಮ್ಮನತ್ತ ತಿರುಗಿ, "ಎಷ್ಟು ಒಳ್ಳೆಯವರು ಇವರು!" ಎಂದಳು.

ಬಾಗಿಲ ಪರದೆ ಅಲುಗಿ ನಿಂತಿತು.

"ನಿನ್ನೆ ನಾನು ಅವಳ ಹಿಂದೇನೇ ನಡ್ಕೊಂಡು ಹೋದೆ ಕಣೇ," ಎಂದಳು ಅದೇಲಮ್ಮ. "ಆ ಚೀಲಾನ ಎರಡೂ ಕೈಯಲ್ಲಿ ಹಸುಗೂಸಿನ ಹಾಗೆ ಎತ್ಕೊಂಡಿದ್ಲು. ಎಲ್ಲೂ ತಾಗಿಸ್ಲಿಲ್ಲ."

"ಅದೇಲಮ್ಮಾ, ನಿಮಗೆ ಯಾವತ್ತಾದ್ರೂ ನಾನು ಹಾಗೆ..."

ಮುದುಕಿ ನಲವತ್ತು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು. ತನ್ನ ಚೀಲದ ಬಾಯಿ ಬಿಚ್ಚಿ, ಹಣ್ಣುಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ತೆಗೆದಿಟ್ಟು, ಕನ್ನಡಕ ಏರಿಸಿಕೊಂಡು, ಪ್ರತಿಯೊಂದನ್ನೂ ತಿರುವಿ ಅದರ ಅಡಿ ನೋಡತೊಡಗಿದಳು.